ಎರಡು ಆಕಳು, ಒಂದು ಮಂಚ

ಹಾಲಪ್ಪನವರು ಮೂವತ್ತನಾಲ್ಕು ವರ್ಷ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ತಲಾಠಿಯಾಗಿದ್ದವರು. ತಲಾಠಿ ಎಂದರೆ ಊರಿನ ಹೊಲಗಳ ಲೆಕ್ಕ ಬರೆಯುವವನು ಎಂದು ಸರ್ಕಾರ ತಿಳಿದುಕೊಂಡಿದೆ. ಊರಿಗೆ ಗೊತ್ತಿರುವುದೇ ಬೇರೆ. ಯಾರು ಯಾರ ಮಗ, ಯಾರು ಯಾರ ಮಗನಲ್ಲ, ಯಾವ ಚಿಕ್ಕಪ್ಪ ಯಾವ ಕೇರಿಯಲ್ಲಿ ಇನ್ನೊಂದು ಒಲೆ ಹೂಡಿದ್ದ ಎಂಬುದೆಲ್ಲ ತಲಾಠಿಯ ದಫ್ತರದಲ್ಲಿರುತ್ತದೆ. ಮನೆಯ ಯಜಮಾನ ಸತ್ತರೆ ಮಕ್ಕಳು ಕಣ್ಣೊರೆಸಿಕೊಂಡು ಮೊದಲು ಬರುವುದೇ ತಲಾಠಿಯ ಬಾಗಿಲಿಗೆ. ಆಸ್ತಿ ತಮ್ಮ ಹೆಸರಿಗಾಗಬೇಕಾದರೆ ವಂಶವೃಕ್ಷ ಬೇಕು. ಹಾಳೆಯ ಮೇಲ್ಗಡೆ ಸತ್ತವನ ಹೆಸರು, ಕೆಳಗೆ ಗೆರೆ ಎಳೆದು ಮಕ್ಕಳ ಹೆಸರು, ಕೊನೆಗೆ ‘ಇದು ನಿಜ’ ಎಂದು ಐದು ಜನ ಪಂಚರ ಸಹಿ. ಹಾಲಪ್ಪನವರು ಇಂಥವನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದರು. ಕೆಲವನ್ನು ಬೇಕೆಂದೇ ಕಣ್ಣು ಮುಚ್ಚಿಕೊಂಡು ಬರೆದಿದ್ದರು.

ಇಂಥವರನ್ನು ತಂದು ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ ಆರು ತಿಂಗಳು ಕೂರಿಸಿದರೆ ಹೇಗಿರುತ್ತದೆ? ಮಗಳು ನಿಶಿತಾ ಮತ್ತು ಅಳಿಯ ಉಲ್ಲಾಸ್ ಬೆಳಗಾದರೆ ಆಳಿಗೊಂದು ಕೋಣೆ ಸೇರಿ ಕಂಪ್ಯೂಟರಿಗೆ ಮುಖ ಕೊಟ್ಟು ಕೂರುತ್ತಿದ್ದರು. ಹಾಲಪ್ಪನವರು ಬಿಳಿ ಅಂಗಿ ತೊಟ್ಟು ಬೀದಿಗೆ ಇಳಿಯುತ್ತಿದ್ದರು. ಬೀದಿಯಲ್ಲಿ ಇಪ್ಪತ್ತೆರಡು ಮನೆ, ಅರ್ಧಕ್ಕಿಂತ ಹೆಚ್ಚು ನಮ್ಮವರೇ. ಆದರೂ ಒಬ್ಬನಿಗೂ ಪಕ್ಕದ ಮನೆಯವನ ಅಪ್ಪನ ಹೆಸರು ಗೊತ್ತಿಲ್ಲ. ಗ್ಯಾರೇಜಿನ ಬಾಗಿಲು ಮೇಲೆ ಹೋಗುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಕೆಳಗೆ ಬರುತ್ತದೆ. ಇದೂ ಒಂದು ಊರೇ ಎಂದು ಅವರಿಗೆ ಬೇಸರವಾಗುತ್ತಿತ್ತು.

ಹೀಗಿರುವಾಗ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಪಕ್ಕದ ಮನೆಯ ಗ್ಯಾರೇಜಿನ ಬಾಗಿಲು ಮೇಲೆ ಹೋದದ್ದು ಕೆಳಗೆ ಬರಲೇ ಇಲ್ಲ. ಒಳಗಿನ ಗೋಡೆಗೆ ಆಳೆತ್ತರದ ಕಾಗದ ಅಂಟಿಸಿತ್ತು. ಅದರ ಮೇಲೆ ಚೌಕಗಳು, ಗೆರೆಗಳು, ಹೆಸರುಗಳು. ಹಾಲಪ್ಪನವರಿಗೆ ಹೊತ್ತು ಗೊತ್ತು ಮರೆತುಹೋಯಿತು. ಸೀದಾ ಒಳಗೆ ನಡೆದರು. ಟೆಕ್ಸಾಸಿನಲ್ಲಿ ಕೇಳದೆ ಇನ್ನೊಬ್ಬರ ಗ್ಯಾರೇಜಿಗೆ ನುಗ್ಗುವುದು ಆಯುಷ್ಯ ಗಟ್ಟಿಯಿದ್ದವರು ಮಾಡುವ ಕೆಲಸ. ಅವರದು ಗಟ್ಟಿಯಿತ್ತು. ಒಳಗಿದ್ದವರು ಎಪ್ಪತ್ತೆಂಟು ವರ್ಷದ ಪ್ಯಾಟ್ರಿಷಿಯಾ. ಅವರ ಕೈಯಲ್ಲಿ ಇದ್ದದ್ದು ಬಂದೂಕಲ್ಲ, ಬರೀ ಪೆನ್ಸಿಲ್ಲು.

“ಇವ್ರು ಯಾವಾಗ ತೀರ್ಕೊಂಡಾರ್ರಿ?” ಹಾಲಪ್ಪನವರು ಎಲ್ಲಕ್ಕಿಂತ ಮೇಲಿನ ಹೆಸರಿಗೆ ಬೆರಳು ಇಟ್ಟು ಕೇಳಿದರು.

“ಸಾವಿರದ ಎಂಟುನೂರ ನಲವತ್ತೇಳರಲ್ಲಿ.”

“ಅರ್ಜಿ ಕೊಡಾಕ ಬಾಳ ತಡಾ ಆತ್ರಿ ಮೇಡಮ್ಮಾರ.”

ಇಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ಹಾಲಪ್ಪನವರದು ತಹಶೀಲ್ದಾರ ಕಚೇರಿಯ ಇಂಗ್ಲಿಷು. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಗಂಟಲು ಸರಿಮಾಡಿಕೊಂಡೇ ಹೊರಡುವಂಥದ್ದು. ಅದನ್ನು ಇದ್ದ ಹಾಗೆ ಬರೆದರೆ ಓದುವವರಿಗೆ ಜ್ವರ ಬಂದೀತು. ಅವರು ಮನಸ್ಸಿನಲ್ಲಿ ಅಂದುಕೊಂಡ ಕನ್ನಡವೇ ಇಲ್ಲಿರಲಿ.

ಪ್ಯಾಟ್ರಿಷಿಯಾ ಹುಟ್ಟಿದ್ದು ಆಫ್ರಿಕಾದ ಬುಲವಾಯೊದಲ್ಲಿ. ಗಂಡ ಎಣ್ಣೆ ಕಂಪನಿಯ ಕೆಲಸಕ್ಕೆಂದು ಹ್ಯೂಸ್ಟನ್ನಿಗೆ ಕರೆತಂದಿದ್ದ. ಅವನು ತೀರಿಕೊಂಡ ಮೇಲೆ ಕಾಪೆಲ್‌ಗೆ ಬಂದರು. ಅವರ ಪೂರ್ವಿಕರ ಕಥೆ ಕಾಗದದ ತುದಿಯಿಂದ ಶುರುವಾಗುತ್ತಿತ್ತು. ೧೮೨೦ರಲ್ಲಿ ಇಂಗ್ಲೆಂಡಿನ ಸರ್ಕಾರ ತನ್ನ ಬಡವರನ್ನು ಹಡಗು ತುಂಬಿಸಿ ದಕ್ಷಿಣ ಆಫ್ರಿಕಾದ ಪೂರ್ವ ಕೇಪ್‌ಗೆ ಕಳಿಸಿತು. ಅಲ್ಲಿ ಜಮೀನು ಕೊಡುತ್ತೇವೆ ಎಂದಿತು. ಆ ಜಮೀನಿನಲ್ಲಿ ಮೊದಲೇ ಜನರಿದ್ದರು, ಅವರನ್ನು ಕೇಳಿದವರಿಲ್ಲ. ಹಾಗೆ ಇಳಿದವರಲ್ಲಿ ಒಬ್ಬ ಥಾಮಸ್ ಪೆಂಡ್ರಿ.

“ಅಂದ್ರ ಒತ್ತುವರಿ ಜಮೀನು,” ಎಂದರು ಹಾಲಪ್ಪ.

ಆ ಮಾತಿನ ಅರ್ಥ ಬಿಡಿಸಿ ಹೇಳಿದ ಮೇಲೆ ಪ್ಯಾಟ್ರಿಷಿಯಾ ಸ್ವಲ್ಪ ಯೋಚಿಸಿದರು. “ನಮ್ಮವರು ಅದಕ್ಕೆ ಸಾಹಸ ಅಂತಾರೆ. ನಿಮ್ಮ ಮಾತೇ ಸರಿ,” ಎಂದರು. ಅವತ್ತಿನಿಂದ ಇಬ್ಬರಿಗೂ ಸ್ನೇಹವಾಯಿತು.

ಗಂಟು ಇದ್ದದ್ದು ಕೆಳಗೆ. ಥಾಮಸನ ಮೊಮ್ಮಗ ಸ್ಯಾಮ್ಯುಯೆಲ್, ೧೯೦೯ರಲ್ಲಿ ಸತ್ತವನು. ಅವನ ಕೆಳಗೆ ನಾಲ್ಕು ಗಂಡುಮಕ್ಕಳ ಚೌಕಗಳು ಶಾಯಿಯಲ್ಲಿ ಇದ್ದವು. ಐದನೆಯದು ಪೆನ್ಸಿಲ್ಲಿನ ಚುಕ್ಕಿಗಳಲ್ಲಿ: ಹ್ಯಾನಾ.

“ನನ್ನ ಅಜ್ಜಿ. ಚಿಕ್ಕವಳಿದ್ದಾಗ ನನಗೆ ಜಡೆ ಹಾಕ್ತಿದ್ದಳು. ಇಪ್ಪತ್ತನೇ ವಯಸ್ಸಿಗೆ ಬಂಡಿ ಮಾಡೋ ಜೇಕಬ್ ಅರೆಂಡ್ಸ್ ಜೊತೆ ಮನೆ ಬಿಟ್ಟು ಹೋದಳು. ಜೇಕಬ್‌ನ ತಾಯಿ ಬಿಳಿಯಳಲ್ಲ, ಆ ನೆಲದವಳು.”

ಪೆಂಡ್ರಿ ಮನೆತನದವರೆಲ್ಲ ಸೇರಿ ಒಂದು ಪುಸ್ತಕ ಮಾಡುತ್ತಿದ್ದರು. ಜೂನ್ ತಿಂಗಳಲ್ಲಿ ಆಸ್ಟಿನ್‌ನಲ್ಲಿ ಅವರ ದೊಡ್ಡ ಕೂಟ, ಅಲ್ಲಿ ಬಿಡುಗಡೆ. ಪುಸ್ತಕ ಮಾಡುತ್ತಿದ್ದವನು ವರಸೆಯಲ್ಲಿ ಅಣ್ಣನಾಗುವ ಜೆರಲ್ಡ್ ಪೆಂಡ್ರಿ. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್‌ನಲ್ಲಿ ಎಣ್ಣೆಬಾವಿಗಳ ಲೆಕ್ಕ ನೋಡಿ ನಿವೃತ್ತನಾದವನು, ಈಗ ಸತ್ತವರ ಲೆಕ್ಕ ನೋಡುತ್ತಿದ್ದ. ಹ್ಯಾನಾ ಸ್ಯಾಮ್ಯುಯೆಲ್ಲನ ಮಗಳು ಎನ್ನುವುದಕ್ಕೆ ಕಾಗದ ತೋರಿಸು, ಇಲ್ಲವಾದರೆ ಪುಸ್ತಕದಲ್ಲಿ ಜಾಗವಿಲ್ಲ ಎಂದುಬಿಟ್ಟಿದ್ದ. ಹ್ಯಾನಾ ಇಲ್ಲದಿದ್ದರೆ ಪ್ಯಾಟ್ರಿಷಿಯಾ ಇಲ್ಲ, ಅವರ ಮಕ್ಕಳೂ ಇಲ್ಲ. ಚರ್ಚಿನಲ್ಲಿ ಆ ವರ್ಷಗಳ ನಾಮಕರಣದ ಪುಸ್ತಕವನ್ನು ಗೆದ್ದಲು ತಿಂದಿತ್ತು.

“ನಮ್ಮ ಕಡೀ ಗೆದ್ದಲಾನೂ ಬೇಕಾದ ವರ್ಷಾನ ಹುಡುಕಿ ತಿಂತಾವ್ರಿ,” ಎಂದರು ಹಾಲಪ್ಪ.

ಪ್ಯಾಟ್ರಿಷಿಯಾ ಟ್ಯೂಬಿನಲ್ಲಿ ಉಗುಳಿ ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದ್ದರು. ಏನೋ ರಕ್ತಸಂಬಂಧ ಇದೆ ಎಂದು ಬಂದಿತ್ತು. ಹೇಗೆ, ಯಾರ ಕಡೆಯಿಂದ ಎಂದು ಉಗುಳು ಹೇಳಲಿಲ್ಲ. ಜೆರಲ್ಡ್ ಅದನ್ನು ಒಪ್ಪಲಿಲ್ಲ. ಆ ಒಂದು ವಿಷಯದಲ್ಲಿ ಹಾಲಪ್ಪನವರು ಜೆರಲ್ಡನ ಪರವಾಗಿದ್ದರು. ಉಗುಳಿಗೆ ಕಚೇರಿಯ ಶಿಕ್ಕಾ ಎಲ್ಲಿ ಹೊಡೆಯುವುದು?

“ಕಾಗದ ಇಲ್ಲಂದ್ರ ಚಿಂತಿಲ್ರಿ. ಪಂಚನಾಮೆ ಮಾಡೂಣು,” ಎಂದರು.

ಮರುದಿನವೇ ಮಗಳ ಪ್ರಿಂಟರಿನಿಂದ ಹಾಳೆ ಎಳೆದು, ‘ಕೆಳಗೆ ಸಹಿ ಮಾಡಿದ ಪಂಚರಾದ ನಾವು, ಹ್ಯಾನಾ ಎಂಬುವವರು ಸ್ಯಾಮ್ಯುಯೆಲ್ ಪೆಂಡ್ರಿ ಇವರ ಸ್ವಂತ ಮಗಳೆಂದು ಖುದ್ದು ಬಲ್ಲೆವು’ ಎಂದು ಇಂಗ್ಲಿಷಿನಲ್ಲಿ ಬರೆದು ಬೀದಿಗೆ ಇಳಿದರು. ಮೊದಲ ಮನೆ ಬೆಂಗಳೂರಿನ ತರುಣ್‌ದು. ಕಿವಿಯಲ್ಲಿ ಇಯರ್‌ಫೋನು, ಸೊಂಟದ ಮೇಲೆ ಆಫೀಸಿನ ಅಂಗಿ, ಕೆಳಗೆ ಚಡ್ಡಿ.

“ಅಂಕಲ್, ಇದು ಆ ನಾಯಿ ಬೊಗಳೋ ವಿಷ್ಯಾನಾ?”

“ಅಲ್ಲಪಾ. ಹತ್ತೊಂಬತ್ತನೂರಾ ಒಂಬತ್ತನೇ ಇಸವಿ ವಿಷಯ.”

“ಓಕೆ ಓಕೆ, ಎಲ್ಲಿ ಸೈನ್ ಮಾಡ್ಲಿ? ಮೀಟಿಂಗ್ ಇದೆ ನಂಗೆ.”

ಎರಡನೆಯ ಮನೆಯ ಗುಜರಾತಿ ಹೆಂಗಸು ದೇವಸ್ಥಾನದ ಕೆಲಸವೆಂದು ತಿಳಿದು ಸಹಿ ಹಾಕಿ ಪ್ರಸಾದ ಯಾವಾಗ ಎಂದು ಕೇಳಿದಳು. ಮೂರನೆಯವನೂ ನಾಲ್ಕನೆಯವನೂ ಮೊದಲೆರಡು ಸಹಿ ನೋಡಿ ಹಾಕಿದರು. ಒಬ್ಬ ಟೆಕ್ಸಾಸಿನ ಮನುಷ್ಯ ಮಾತ್ರ ಪೂರ್ತಿ ಓದಿದ, ಓದಿದ್ದರಿಂದ ಹಾಕಲಿಲ್ಲ. ಐದನೆಯ ಸಹಿಯನ್ನು ಅಳಿಯ ಉಲ್ಲಾಸ್ ಪರದೆಯಿಂದ ಕಣ್ಣು ತೆಗೆಯದೆ ಗೀಚಿದ. ಹಾವೇರಿಯಲ್ಲೂ ಕೆಲಸ ಹೀಗೇ ಆಗುತ್ತಿತ್ತು. ಹಾಲಪ್ಪನವರಿಗೆ ಬಹಳ ದಿನದ ಮೇಲೆ ಹಸಿವಾಯಿತು.

ಸಂಜೆಗೆ ನಿಶಿತಾ ಫೋನನ್ನು ಅವರ ಮುಖದ ಮುಂದೆ ಹಿಡಿದಳು. ಯಾರದೋ ಬಾಗಿಲಿನ ಕ್ಯಾಮೆರಾ ಹಿಡಿದ ಅವರ ಚಿತ್ರ ಬೀದಿಯವರ ಗ್ರೂಪಿನಲ್ಲಿ ಬಿದ್ದಿತ್ತು. ಕೆಳಗೆ, ‘ಬಿಳಿ ಅಂಗಿಯ ಮುದುಕರೊಬ್ಬರು ಸಹಿ ಸಂಗ್ರಹಿಸುತ್ತಿದ್ದಾರೆ, ಎಚ್ಚರವಿರಲಿ’.

“ಅಪ್ಪಾ, ಇಲ್ಲಿ ಹಂಗ ಮಂದಿ ಮನಿ ಬಾಗಲಾ ಬಡ್ಯಂಗಿಲ್ಲ.”

“ಬಡದಿಲ್ಲವಾ. ಗಂಟಿ ಒತ್ತೀನಿ.”

“ಆಫ್ರಿಕಾದಾಗ ಯಾರು ಯಾರಿಗೆ ಹುಟ್ಯಾರ ಅನ್ನೂದು ತರುಣಗ ಹೆಂಗ ಗೊತ್ತಿರತೈತಿ?”

“ಪಂಚರಿಗೆ ಗೊತ್ತಿರಬೇಕು ಅಂತ ಯಾವ ಕಾಯ್ದೆದಾಗ ಐತಿ?” ಎಂದರು ಹಾಲಪ್ಪ. ಅವರಿಗೆ ನಿಜವಾಗಿಯೂ ಪ್ರಶ್ನೆ ಅರ್ಥವಾಗಿರಲಿಲ್ಲ.

ಜೆರಲ್ಡನಿಗೆ ಅರ್ಥವಾಯಿತು. ಅವನು ಕೈಗೆ ಬಂದ ಪಂಚನಾಮೆಯನ್ನು ಮೂರು ಖಂಡಗಳಲ್ಲಿ ಹರಡಿದ್ದ ಪೆಂಡ್ರಿಗಳಿಗೆಲ್ಲ ಮೇಲ್ ಮಾಡಿ, ‘ನಮ್ಮ ಮುತ್ತಜ್ಜನನ್ನು ಖುದ್ದು ಬಲ್ಲ ಐವರು ಕಾಪೆಲ್‌ನಲ್ಲಿ ಇನ್ನೂ ಬದುಕಿದ್ದಾರೆ’ ಎಂದು ಬರೆದ. ಕೆಳಗೆ, ಪುಸ್ತಕ ಶುಕ್ರವಾರ ಅಚ್ಚಿಗೆ ಹೋಗುತ್ತದೆ ಎಂದೂ ಇತ್ತು. ಭಾನುವಾರ ಹಾಲಪ್ಪನವರು ಹೋದಾಗ ಪ್ಯಾಟ್ರಿಷಿಯಾ ಗೋಡೆಯ ಕಾಗದವನ್ನು ಕಿತ್ತು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಮೂಲೆಯಲ್ಲಿ ನಿಲ್ಲಿಸಿದ್ದರು. ಹಾಲಪ್ಪನವರಿಗೆ ಆ ಮೂಲೆ ನೋಡಲಾಗಲಿಲ್ಲ. ತನ್ನಿಂದ ಈ ಮುದುಕಿ ನಾಲ್ಕು ಜನರ ಮುಂದೆ ನಗೆಪಾಟಲಾಗಿದ್ದರು.

“ಗಂಡಮಕ್ಕಳು ನಾಲ್ಕ ಮಂದಿ ಅಂತ ಜೆರಲ್ಡ್ ಸಾಹೇಬ್ರು ಯಾವ ಕಾಗದ ಮ್ಯಾಲ ಹೇಳ್ತಾರ್ರಿ?” ಎಂದು ಕೇಳಿದರು.

ಸ್ಯಾಮ್ಯುಯೆಲ್ ಸತ್ತಾಗ ಕೋರ್ಟಿಗೆ ಕೊಟ್ಟ ಮರಣದ ವರದಿ, ಒಂದೇ ಪುಟ. ಹಾಲಪ್ಪನವರು ಹೆಸರುಗಳನ್ನು ನೋಡಲೇ ಇಲ್ಲ. ಸೀದಾ ಕೆಳಗಿನ ಸಹಿಗೆ ಹೋದರು. ‘ಮಾಹಿತಿ ಕೊಟ್ಟವನು: ಫ್ರೆಡ್ರಿಕ್, ಹಿರಿಯ ಮಗ.’

“ಹಾಂ,” ಎಂದರು. “ಇಂವ ಬಿಟ್ಟಾನ್ರಿ.”

“ನಿಮಗೆ ಹೇಗೆ ಗೊತ್ತು?”

“ಇಂಥವ್ರು ವಾರಕ್ಕ ಇಬ್ರು ನನ್ನ ಮುಂದ ಬಂದ ಕುಂದರತಿದ್ರು. ತಂಗಿ ಹೆಸರು ಹಾಕಿದ್ರ ಹೊಲದಾಗ ಪಾಲು ಕೊಡಬೇಕು. ‘ಸಾಹೇಬ್ರ, ಅಕಿನ ಕೊಟ್ಟ ಮನಿ ಚಲೋ ಐತಿ, ಸೀರಿ ಉಡಿಸಿ ಕಳಿಸೇವಿ, ಅಕೀದೇನೂ ತಕರಾರಿಲ್ಲ’ ಅಂತಿದ್ರು. ನಾ ಚಾ ಕುಡದು ಬರಕೊಡತಿದ್ದೆ.”

“ಎಷ್ಟು ಸಲ?”

“ಎಣಿಸಿಲ್ರಿ.”

ಪ್ಯಾಟ್ರಿಷಿಯಾ ಅವರನ್ನೇ ನೋಡಿದರು. “ಹಾಗಾದರೆ ನೀವೂ ಒಬ್ಬ ಫ್ರೆಡ್ರಿಕ್.”

“ಅಲ್ರಿ. ನಾ ಫ್ರೆಡ್ರಿಕ್‌ನ ತಲಾಠಿ,” ಎಂದರು ಹಾಲಪ್ಪ. ಅದು ಸ್ವಲ್ಪ ಉತ್ತಮ ಸ್ಥಾನ ಎಂದು ಅವರ ಭಾವನೆಯಾಗಿತ್ತು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಇಲಾಖೆಯ ಗುಟ್ಟು ಹೇಳಿದರು. ತಂಗಿಯ ಹೆಸರು ಬಿಟ್ಟವನಿಗೆ ನಿದ್ದೆ ಬರುವುದಿಲ್ಲ. ನಾಳೆ ಅವಳು, ಅವಳ ಗಂಡ, ಅವಳ ಮಕ್ಕಳು ಬಾಗಿಲಿಗೆ ಬಂದು ನಿಂತರೆ? ಅದಕ್ಕೇ ಅವಳಿಗೆ ಏನಾದರೂ ಕೈಗಿಟ್ಟು, ‘ಇನ್ನು ನನಗೆ ಹಕ್ಕಿಲ್ಲ’ ಎಂದು ಬರೆಸಿಕೊಳ್ಳುತ್ತಾನೆ. ಆ ಚೀಟಿಯನ್ನು ಜೀವ ಹೋದರೂ ಬಿಡುವುದಿಲ್ಲ. “ಹೆಸರು ಒಗೀತಾರ್ರಿ, ಚೀಟಿ ಒಗ್ಯಂಗಿಲ್ಲ. ಪೂರಾ ಫೈಲು ಎಲ್ಲೈತಿ?”

ಫೈಲಿನ ಪ್ರತಿ ಜೆರಲ್ಡನ ಮನೆಯಲ್ಲಿತ್ತು. ಅವನು ಒಂದು ಪುಟವನ್ನಷ್ಟೇ ಎಲ್ಲರಿಗೂ ಕಳಿಸಿದ್ದ. ಬುಧವಾರ ಪ್ಯಾಟ್ರಿಷಿಯಾ ಹಾಲಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ತೆಗೆದರು. ಹ್ಯೂಸ್ಟನ್ ಬದಿಯಲ್ಲಿ ಜೆರಲ್ಡ್ ಇದ್ದ ದ ವುಡ್‌ಲ್ಯಾಂಡ್ಸ್‌ಗೆ ಮೂರೂವರೆ ಗಂಟೆಯ ದಾರಿ; ಆ ಮುದುಕಿ ಅದನ್ನು ಮೂರಕ್ಕೆ ತಂದರು. ಎರಡೂ ಕಡೆ ಮನೆಯಷ್ಟು ದೊಡ್ಡ ಲಾರಿಗಳು ಹೋಗುವಾಗ ಹಾಲಪ್ಪನವರು ಬಾಗಿಲ ಹಿಡಿ ಹಿಡಿದು ಶಿವನಾಮ ಜಪಿಸಿದರು. ಸರ್ವಿಸಿನಲ್ಲಿದ್ದಾಗ ಅಷ್ಟು ಭಕ್ತಿ ಅವರಿಗೆ ಎಂದೂ ಬಂದಿರಲಿಲ್ಲ.

ಜೆರಲ್ಡ್ ಕೆಟ್ಟ ಮನುಷ್ಯನಲ್ಲ. ಬಾಗಿಲಿಗೆ ಬಂದು ಕೈಕುಲುಕಿ, “ನೀವೇ ಆ ಐದು ಸಾಕ್ಷಿಗಳ ಮಹಾನುಭಾವರು!” ಎಂದು ನಕ್ಕು, ಒಳಗೆ ಕರೆದು ಐಸ್ ಹಾಕಿದ ಚಹಾ ಕೊಟ್ಟ. ತಣ್ಣಗಿನ ಚಹಾ ಕೊಡುವವರ ಬಗ್ಗೆ ಹಾಲಪ್ಪನವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಲೋಟ ಬದಿಗಿಟ್ಟು ಫೈಲಿಗೆ ಕೈಚಾಚಿದರು.

ನಲವತ್ತಾರು ಪುಟ. ಮುಂದಿನಿಂದ ಓದುವುದು ಹೊಸಬರ ಪದ್ಧತಿ. ಮುಂದೆ ಇರುವುದು ಸಾಹೇಬರಿಗೆ ತೋರಿಸಲು ಇಟ್ಟದ್ದು. ಹಾಲಪ್ಪನವರು ಹಿಂದಿನಿಂದ ತೆರೆದರು. ಎತ್ತುಗಳ ಪಟ್ಟಿ ಬಂತು, ಬೇಲಿಯ ತಂತಿಯ ಪಟ್ಟಿ ಬಂತು. ಒಂಬತ್ತನೆಯ ಹಾಳೆಗೆ ಅವರ ಬೆರಳು ನಿಂತಿತು. ಅಂಗೈಯಗಲದ ಚೀಟಿಯ ಛಾಯಾಚಿತ್ರ.

‘ಎರಡು ಆಕಳು ಮತ್ತು ಅಮ್ಮನ ಮಂಚ ಮುಟ್ಟಿದವು. ಇನ್ನು ಈ ಹೊಲದ ಬಗ್ಗೆ ನನ್ನದೇನೂ ಮಾತಿಲ್ಲ. ಜೇಕಬ್ ಅರೆಂಡ್ಸ್‌ನ ಹೆಂಡತಿ ಹ್ಯಾನಾ.’ ಕೆಳಗೆ ಅವಳ ಸಹಿ, ಒಂದು ಕಡೆ ಮಸಿ ಹರಡಿತ್ತು.

ಪ್ಯಾಟ್ರಿಷಿಯಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಜೆರಲ್ಡ್ ಬಗ್ಗಿ ನೋಡಿ ತಲೆಯಾಡಿಸಿದ. “ಇದನ್ನ ನಾನು ನೋಡಿದ್ದೀನಿ. ಯಾರೋ ಕೆಲಸದವಳು. ಬಿಡಿಸುವಾಗ ಏನೋ ಕೊಟ್ಟು ಕಳಿಸಿದ್ದಾರೆ. ಮಗಳು ಅಂತ ಇದರಲ್ಲಿ ಎಲ್ಲಿದೆ?”

“ಎಲ್ಲೂ ಇಲ್ರಿ,” ಎಂದರು ಹಾಲಪ್ಪ. “ಮಗಳು ಅಂತ ಬರದ್ರ ಕೆಲಸ ಕೆಡತೈತಿ, ಅದಕ್ಕ ಬರದಿಲ್ಲ. ನಾ ಇದ್ರೂ ಹಿಂಗ ಬರೀತಿದ್ದೆ. ಈಗ ನೀವ ಹೇಳ್ರಿ. ಕೆಲಸದಾಕಿಗೆ ಅವ್ವನ ಮಂಚ ಯಾರು ಕೊಡ್ತಾರ? ಅಕಿ ‘ಹೊಲದ ಮ್ಯಾಲ ನಂದೇನಿಲ್ಲ’ ಅಂತ ಯಾಕ ಬರೀಬೇಕು? ಇರಲಾರದ ಹಕ್ಕು ಬಿಟ್ಟೇನಿ ಅಂತ ಯಾರರ ಬರಸ್ಕೋತಾರೇನು? ಇಲ್ಲಿ ಸ್ಟಾಂಪು ಹಚ್ಯಾರ ನೋಡ್ರಿ. ಎತ್ತು ಮಾರಿದ ಕಾಗದಕ್ಕೂ ಹಚ್ಚಿಲ್ಲ, ಇದಕ್ಕ ಹಚ್ಯಾರ.” ಚೀಟಿಯ ಕೆಳತುದಿಗೆ ಬೆರಳಿಟ್ಟರು. “ಮತ್ತ ಸಾಕ್ಷಿ ಯಾರು? ಫ್ರೆಡ್ರಿಕ್, ಎಡ್ಮಂಡ್, ವಾಲ್ಟರ್, ಹೆನ್ರಿ. ಆಳಿನ ಚೀಟಿಗೆ ಮನಿ ಗಂಡಮಕ್ಕಳು ನಾಲ್ಕೂ ಮಂದಿ ನಿಂತು ಸಹಿ ಹಾಕ್ತಾರೇನ್ರಿ?”

ಜೆರಲ್ಡ್ ನಾಲ್ಕೂ ಸಹಿಗಳನ್ನು ಒಂದೊಂದಾಗಿ ನೋಡಿದ. ಎಣ್ಣೆಬಾವಿಯ ಲೆಕ್ಕದಲ್ಲಿ ಮೂವತ್ತು ವರ್ಷ ಕಳೆದವನು, ಒಂದು ಅಂಕಿ ಸರಿಯಿಲ್ಲದಿದ್ದರೆ ಅವನಿಗೂ ಗೊತ್ತಾಗುತ್ತದೆ. ಕೊನೆಗೆ ಎದ್ದು ಒಳಗೆ ಹೋಗಿ ಅಚ್ಚಿನವನಿಗೆ ಫೋನು ಮಾಡಿ, ಒಂದು ವಾರ ತಡೆಯಿರಿ ಎಂದ. ಹೊರಗೆ ಬಂದು, “ಪ್ಯಾಟ್, ನಿನ್ನ ಮಕ್ಕಳ ಹುಟ್ಟಿದ ದಿನಗಳನ್ನು ಕಳಿಸು,” ಎಂದ. ಪ್ಯಾಟ್ರಿಷಿಯಾ ಕಾರಿನಲ್ಲಿ ಕೂತ ಮೇಲೆ ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತರು. ಹಾಲಪ್ಪನವರು ಏನು ಮಾಡಬೇಕೋ ತಿಳಿಯದೆ ಸೀಟಿನ ಬೆಲ್ಟು ಹಾಕಿದರು, ತೆಗೆದರು, ಮತ್ತೆ ಹಾಕಿದರು.

ಜೂನ್ ತಿಂಗಳ ಒಂದು ಶನಿವಾರ ಆಸ್ಟಿನ್‌ನಲ್ಲಿ ಕೆರೆಯ ದಂಡೆಯ ಒಂದು ಮಂಟಪದಲ್ಲಿ ಕೂಟ ನಡೆಯಿತು. ರಾಯಚೂರಿನ ಬಿಸಿಲು, ಮಾಂಸ ಸುಡುವ ಹೊಗೆ, ಒಂದೇ ಬಣ್ಣದ ಟೀ ಷರ್ಟ್ ತೊಟ್ಟ ಎಪ್ಪತ್ತು ಪೆಂಡ್ರಿಗಳು. ನಿಶಿತಾ ಮತ್ತು ಉಲ್ಲಾಸ್ ಹಾಲಪ್ಪನವರನ್ನು ಕರೆದುಕೊಂಡು ಹೋಗಿದ್ದರು. ತಿನ್ನಲು ಅವರಿಗೆ ಸಿಕ್ಕಿದ್ದು ಬ್ರೆಡ್ಡು, ಆಲೂಗಡ್ಡೆ ಪಲ್ಯದಂಥದ್ದು ಮತ್ತು ಅಪಾರ ಗೌರವ. ಜೆರಲ್ಡ್ ಮೈಕ್ ಹಿಡಿದು ನೂರಾ ಹನ್ನೆರಡನೆಯ ಪುಟ ಓದಿದ. ಸ್ಯಾಮ್ಯುಯೆಲ್ಲನ ಮಕ್ಕಳು ಐವರು, ಐದನೆಯವಳು ಹ್ಯಾನಾ. “ಇವಳನ್ನು ನಾವು ಬಿಟ್ಟಿದ್ದೆವು,” ಎಂದು ತಾನೇ ಹೇಳಿದ. ಪ್ಯಾಟ್ರಿಷಿಯಾ ಪುಟದ ಮೇಲೆ ಬೆರಳಾಡಿಸುತ್ತ ಕೂತಿದ್ದರು. ಯಾರು ಕರೆದರೂ ಏಳಲಿಲ್ಲ.

ಮಂಟಪದ ಗೋಡೆಗೆ ದೊಡ್ಡ ದೊಡ್ಡ ಹಾಳೆ ಅಂಟಿಸಿ, ಬಂದವರೆಲ್ಲ ತಮ್ಮ ಮನೆಯ ವಂಶವೃಕ್ಷ ಬರೆಯಲಿ ಎಂದು ಪೆನ್ನು ಇಟ್ಟಿದ್ದರು. ಜೆರಲ್ಡ್ ಹಾಲಪ್ಪನವರ ಕೈಗೂ ಒಂದು ಪೆನ್ನು ಕೊಟ್ಟ. “ನಮ್ಮದನ್ನು ಹುಡುಕಿಕೊಟ್ಟವರು ನಿಮ್ಮದನ್ನೂ ಬರೆಯಬೇಕು.” ಎಲ್ಲರೂ ಸುತ್ತ ಸೇರಿದರು. ಹಾಲಪ್ಪನವರು ಅಂಗಿಯ ತೋಳು ಮಡಿಸಿದರು. ಮೇಲೆ ತಂದೆ ಚನ್ನಬಸಪ್ಪ, ಮೃತ. ಕೆಳಗೆ ಗೆರೆ. ಗೆರೆಗೆ ಮೂರು ಟಿಸಿಲು: ಈರಣ್ಣ, ಹಾಲಪ್ಪ, ವಿರೂಪಾಕ್ಷಪ್ಪ. ಅಕ್ಷರ ಮುತ್ತಿನ ಹಾಗೆ ಬಿದ್ದವು, ಒಂದು ನಿಮಿಷವೂ ಹಿಡಿಯಲಿಲ್ಲ. ರೂಢಿಯಂತೆ ಕೆಳಗೆ ಸಹಿ ಹಾಕಿ ತಾರೀಖನ್ನೂ ಬರೆದರು. ಪೆಂಡ್ರಿಗಳು ಚಪ್ಪಾಳೆ ತಟ್ಟಿದರು.

ಪ್ಯಾಟ್ರಿಷಿಯಾಗೆ ಕನ್ನಡ ಬಾರದು. ಹೆಸರುಗಳನ್ನು ಎಣಿಸಿ, “ಮೂವರೂ ಗಂಡುಮಕ್ಕಳೇ?” ಎಂದು ಖುಷಿಯಿಂದ ಕೇಳಿದರು.

“ಹೌದ್ರಿ, ಮೂವರು.”

“ಅಪ್ಪಾ,” ಎಂದಳು ನಿಶಿತಾ. ಕಾಗದದ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದಳು. “ನೀಲತ್ತಿ?”

ಹಾಲಪ್ಪನವರು ಗೋಡೆಯ ಮೂರು ಹೆಸರುಗಳನ್ನು ಮತ್ತೆ ಓದಿದರು. ನೀಲವ್ವ ಅವರ ಅಕ್ಕ, ಮನೆಯ ಹಿರಿಮಗ ಈರಣ್ಣನಿಗಿಂತಲೂ ಎರಡು ವರ್ಷ ದೊಡ್ಡವಳು, ರಾಣೆಬೆನ್ನೂರಿನಲ್ಲಿದ್ದಾಳೆ. ನಿಶಿತಾಳ ಅವ್ವ ಆಸ್ಪತ್ರೆಯಲ್ಲಿದ್ದ ಎಂಟು ತಿಂಗಳು ಬಂದು ಅಡಿಗೆ ಮಾಡಿ ಹಾಕಿದವಳು. ತಂದೆ ಸತ್ತಾಗ ಅವಳಿಗೆ ಒಂದು ಇಳಕಲ್ ಸೀರೆ ಉಡಿಸಿ, ಹೊಲದಲ್ಲಿ ಹಕ್ಕಿಲ್ಲ ಎಂದು ಬರೆಸಿಕೊಂಡಿದ್ದರು. ಚೀಟಿ ಬರೆದದ್ದು ಹಾಲಪ್ಪನವರೇ. ಮೂವರಲ್ಲಿ ಅವರ ಅಕ್ಷರ ಚೆಂದ ಎಂದು ಈರಣ್ಣ ಅವರ ಕೈಗೆ ಕೊಟ್ಟಿದ್ದ. ಎಣಿಸಿಲ್ಲ ಎಂದು ಅವತ್ತು ಪ್ಯಾಟ್ರಿಷಿಯಾಗೆ ಹೇಳಿದಾಗ ಇದು ಅವರ ನೆನಪಿಗೂ ಬಂದಿರಲಿಲ್ಲ. ಈಗಲೂ ಮುಚ್ಚಿಡಬೇಕೆಂದು ಮುಚ್ಚಿಟ್ಟದ್ದಲ್ಲ. ಕೈಗೆ ಮೂರೇ ಹೆಸರು ಗೊತ್ತಿತ್ತು. ಅದು ತಿಳಿದಾಗ ಅವರಿಗೆ ಆದ ನಾಚಿಕೆ ಸಣ್ಣದಲ್ಲ.

“ಬಿಟ್ಟೀನವಾ,” ಎಂದರು.

ಜೆರಲ್ಡನಿಗೆ ಭಾಷೆ ತಿಳಿಯದಿದ್ದರೂ ಮುಖ ತಿಳಿಯಿತು. ಗೋಡೆಯ ಹಾಳೆಯನ್ನು ಕಿತ್ತು ಹೊಸದೊಂದು ಅಂಟಿಸಿದ. ಹಾಲಪ್ಪನವರು ತಂದೆಯ ಹೆಸರು ಬರೆದು, ಗೆರೆ ಎಳೆದು, ಮೊದಲ ಜಾಗದಲ್ಲಿ ನೀಲವ್ವ ಎಂದು ಬರೆದರು. ಈ ಸಲ ಬಹಳ ಹೊತ್ತು ಹಿಡಿಯಿತು.

“ಇದು ಅಮೇರಿಕಾದ ಗ್ವಾಡಿ ಮ್ಯಾಲ,” ಎಂದಳು ನಿಶಿತಾ. “ಊರಾಗ ಹೊಲದ ಪಹಣಿ ಉತಾರದ ಮ್ಯಾಲ?”

“ಅದಕ್ಕ ಅರ್ಜಿ ಕೊಡಬೇಕಾಗತೈತಿ.”

“ಯಾರು ಕೊಡ್ತಾರ?”

“ನಾನ ಕೊಡ್ತೀನಿ. ಊರಿಗೆ ಹೋದ ಕೂಡಲೆ.”

“ದೊಡ್ಡಪ್ಪ ನಿನ್ನ ಮನಿಯೊಳಗ ಕರ್ಕೋಳಂಗಿಲ್ಲ ನೋಡು.”

“ಬ್ಯಾಡ ಬಿಡು. ಅಕ್ಕನ ಮನ್ಯಾಗ ಇಳಕೋತೀನಿ,” ಎಂದರು ಹಾಲಪ್ಪ. ಪೆನ್ನಿಗೆ ಮುಚ್ಚಳ ಹಾಕಿದರು. “ಅಕಿ ಕರ್ಕೊಂಡ್ರ.”